ಬ್ಯಾಟರಿ ಮುಚ್ಚಳದ ಒಳಗೆ

ಮಾರ್ಚಿನಲ್ಲೂ ನಮ್ಮ ಸರೋವರ ನೀರಲ್ಲ, ನೆಲ.
ಕುಹ್ಮೋ ಪೇಟೆಯಾಚೆ, ಮೊಳ ದಪ್ಪದ ಮಂಜುಗಡ್ಡೆ;
ಮೇಲೆ ನಾವು ಏಳು ಜನ, ಒಂದೇ ಥರ್ಮಾಸು,
ಚಕ್ರ ಬಿಚ್ಚಿ ಜಾರುಪಟ್ಟಿ ತೊಟ್ಟ ಪುಟ್ಟ ವಿಮಾನಗಳು.

ಕ್ಲಬ್ಬಿನ ಕಾರ್ಯದರ್ಶಿ ನಾನು. ಹೊಸಬರಿಗೆ ಹೇಳುವವಳು:
ಬ್ಯಾಟರಿ ಹೊರಜೇಬಲ್ಲಿ ಬೇಡ, ಎದೆಗಂಟಿಸಿ ಇಟ್ಟುಕೊಳ್ಳಿ,
ಕೋಳಿ ಕಾವಿಗೆ ಕೂತ ಹಾಗೆ;
ಚಳಿ ತಾಗಿದರೆ ಅದರ ಆಯಸ್ಸು ಅರ್ಧ.
ಮೊದಲು ಕೈಯ ರಿಮೋಟು ಚಾಲೂ, ಆಮೇಲೆ ವಿಮಾನ;
ಆರಿಸುವಾಗ ತಿರುವುಮುರುವು.
ಮೂವತ್ತು ಹೆಜ್ಜೆ ನಡೆದು, ರೆಕ್ಕೆಪಟ್ಟಿ ಮಾತು ಕೇಳುತ್ತದೋ ನೋಡಿ.
ಸಂಪರ್ಕ ಕಡಿದರೆ ಮೋಟಾರು ತಾನಾಗಿ ನಿಲ್ಲಬೇಕು,
ನೆಲದ ಮೇಲಿರುವಾಗಲೇ ಅದನ್ನು ಕಲಿಸಿಡಿ.
ನೂರಿಪ್ಪತ್ತು ಮೀಟರಿನ ಮೇಲೆ ಆಕಾಶ ನಮ್ಮದಲ್ಲ.
ಮತ್ತು ನಂಬರು. ಪ್ರತಿಯೊಂದರ ಮೈಮೇಲೂ ನಂಬರು.

ತೈಸ್ತೊ ಒಪ್ಪಲಿಲ್ಲ.
ಎಪ್ಪತ್ನಾಲ್ಕರಲ್ಲಿ ಕಟ್ಟಿದ್ದು ಅವನು ಅದನ್ನು,
ಬಾಲ್ಸಾ ಮರದ ಪಕ್ಕೆಲುಬು,
ಹರಾಜಿನಲ್ಲಿ ಕೊಂಡ ಪ್ಯಾರಾಚೂಟಿನ ರೇಷ್ಮೆಯ ಚರ್ಮ.
ಎಂಜಿನ್ನು ಕಿತ್ತು ಮೋಟಾರು ಕೂರಿಸಿದ್ದಷ್ಟೇ ಹೊಸತು.
'ಡ್ರೋನು ಅನ್ನಬೇಡ ಹಿಲ್ಕಾ. ಕೈಬಿಟ್ಟರೆ ಡ್ರೋನು ಇದ್ದಲ್ಲೇ ನಿಲ್ಲುತ್ತದೆ.
ಇದು ಬೀಳುತ್ತದೆ. ಬೀಳುವುದಕ್ಕೆ ನಂಬರು ಯಾಕೆ?'
ಪರೀಕ್ಷೆಗೇನೋ ಕೂತ,
ಲೈಬ್ರರಿಯ ಕಂಪ್ಯೂಟರಿನ ಮುಂದೆ, ಟೊಪ್ಪಿ ತೆಗೆಯದೆ.
ನಲವತ್ತಕ್ಕೆ ಮೂವತ್ತೆಂಟು.
ಉಳಿದೆರಡರಲ್ಲಿ ಪ್ರಶ್ನೆಯೇ ತಪ್ಪು ಎಂದು ಈಗಲೂ ವಾದ.
ರೇಷ್ಮೆಗೆ ಹಚ್ಚೆ ಹಾಕಿಸಲಾರೆ ಎಂದ. ಮುಗಿಯಿತು.

ಅವನು ಕಾಫಿ ಬಗ್ಗಿಸುತ್ತಿದ್ದಾಗ
ಬ್ಯಾಟರಿ ಮುಚ್ಚಳದ ಒಳಮೈಗೆ
ಹೆಬ್ಬೆರಳಗಲದ ಚೀಟಿ ಅಂಟಿಸಿದೆ.
ನಂಬರಿನ ಕೆಳಗೆ, ಪೆನ್ಸಿಲ್ಲಲ್ಲಿ, ನನ್ನ ಫೋನು.
ಕಳ್ಳತನವೇ ಸರಿ, ಕಾಯಿದೆಯ ಕಡೆಯಿಂದ ಮಾಡಿದ್ದು.

ಆ ಭಾನುವಾರ ಬಿಸಿಲು ಹಿಮದಿಂದ ಪುಟಿದು ಕಣ್ಣಿಗೇ ಬಡಿಯುತ್ತಿತ್ತು.
ತೈಸ್ತೊನ ವಿಮಾನ ಎರಡು ಸುತ್ತು ಹಾಕಿ
ಮೂರನೆಯದರ ಅರ್ಧಕ್ಕೆ ಕಿವುಡಾಯಿತು.
ಕಡ್ಡಿ ಎಳೆದ, ತಳ್ಳಿದ, ಬೈದ.
ಮೋಟಾರು ನಿಲ್ಲಲಿಲ್ಲ; ಕಲಿಸಿರಲಿಲ್ಲ ಅದಕ್ಕೆ.
ಸೂತ್ರ ಹರಿದ ಪಟವಾದರೂ ಗಿರಕಿ ಹೊಡೆದು ಬೀಳುತ್ತದೆ,
ಇದು ನೆಟ್ಟಗೆ,
ಅಷ್ಟು ನೆಟ್ಟಗೆ ಅವನೂ ಎಂದೂ ಹಾರಿಸಿರಲಿಲ್ಲ,
ಪೂರ್ವಕ್ಕೆ ಹೋಯಿತು.

ಪೂರ್ವಕ್ಕೆ ಕಾಡು. ಕಾಡಿನಾಚೆ ಗಡಿ. ಗಡಿಯಾಚೆ ರಷ್ಯಾ.

ಫೋನು ಮಾಡಬೇಕಾದವಳು ಕಾರ್ಯದರ್ಶಿ.
'ಮೂರು ಕಿಲೋ. ಬಿಳಿ ಬಣ್ಣ. ಇಲ್ಲ, ಕ್ಯಾಮೆರಾ ಇಲ್ಲ.
ಇಲ್ಲ, ಏನನ್ನೂ ಹೊತ್ತಿಲ್ಲ.'
ಗಡಿ ಕಾವಲಿನ ಹುಡುಗಿ ಕೇಳಿದಳು: ನಂಬರು?
ಮಗ್ಗಿಯ ಹಾಗೆ ಒಪ್ಪಿಸಿದೆ.
ತೈಸ್ತೊ ಇನ್ನೂ ಎರಡು ಕೈಯಲ್ಲೂ ರಿಮೋಟು ಹಿಡಿದೇ ಇದ್ದ,
ನನ್ನ ಮುಖ ನೋಡಿದ.
ಮೇ ತಿಂಗಳ ತನಕ ಮಾತಾಡಲಿಲ್ಲ.

ಆಗಸ್ಟಿನಲ್ಲೊಂದು ಕರೆ. ಹರಕು ಫಿನ್ನಿಶ್‌ನಲ್ಲಿ
ವಿಮಾನ, ವಿಮಾನ ಎನ್ನುವ ಗಂಡುದನಿ.
ಜೌಗಿನಲ್ಲಿ ಹಳದಿ ಹಣ್ಣು ಆಯಲು
ಥಾಯ್ಲೆಂಡಿನಿಂದ ಬಂದವನು, ವಿಚಿಯನ್.
ವ್ಯಾನಿನ ಬಾನೆಟ್ಟಿನ ಮೇಲೆ ಮಲಗಿಸಿದ್ದ,
ತನ್ನ ಸೊಳ್ಳೆಪರದೆ ಹೊದಿಸಿ.
ಒಂದು ರೆಕ್ಕೆ ಇಲ್ಲ. ರೇಷ್ಮೆಗೆ ಪಾಚಿ.
ಬ್ಯಾಟರಿ ಕಪ್ಪೆಹೊಟ್ಟೆಯಂತೆ ಊದಿತ್ತು.
ಊದಿದ್ದಕ್ಕೆ ಚಾರ್ಜು ಹಾಕಬೇಡಿ, ಚುಚ್ಚಬೇಡಿ,
ಮರಳಿನ ಬಕೆಟ್ಟಿಗಿಳಿಸಿ. ಇದನ್ನೂ ಹೇಳುವವಳು ನಾನೇ.

ವಿಚಿಯನ್ ಫೋನಿನಲ್ಲಿ ತನ್ನೂರಿನ ಗಾಳಿಪಟ ತೋರಿಸಿದ,
ಆಳೆತ್ತರದ್ದು, ನೆತ್ತಿಗೆ ಬಿಲ್ಲು ಕಟ್ಟಿದ್ದು,
ರಾತ್ರಿಯೆಲ್ಲ ಗುಂಯ್‌ಗುಡುವುದು.
ಆಮೇಲೆ ವಿಮಾನದಿಂದ ತನ್ನ ಮುಷ್ಟಿಯವರೆಗೆ
ಬೆರಳಲ್ಲಿ ಗಾಳಿಗೆರೆ ಎಳೆದು, ಹುಬ್ಬೇರಿಸಿದ:
ದಾರ? ಇದರ ದಾರ ಎಲ್ಲಿ?

ತೈಸ್ತೊ ಬಹಳ ಹೊತ್ತು ಸುಮ್ಮನಿದ್ದ.
ಬಗ್ಗಿ, ಉಗುರಿಂದ ಮುಚ್ಚಳ ಎತ್ತಿ,
ಚೀಟಿ ತೋರಿಸಿದ.

ವಾಪಸು ಬರುವಾಗ, ಕಾರಿನಲ್ಲಿ,
ಮೂವತ್ತು ಕಿಲೋಮೀಟರು ಕಳೆದ ಮೇಲೆ,
'ಸೊಟ್ಟ ಅಂಟಿಸಿದ್ದೀಯ' ಎಂದ.